ಆ ಮೂರು ದಿನದ ಅಡುಗೆ

ನಮ್ಮ ಅತ್ತೆಯ ಕಾಲದಲ್ಲಿ ಮುಟ್ಟಾದ ಹೆಂಗಸು ಮೂರು ದಿನ ಅಡುಗೆಮನೆಯಿಂದ ದೂರ. ಆ ಮೂರು ದಿನ ಒಲೆ ಮಾವನವರದು. ಮಾವಿನಕಾಯಿಯ ಅಪ್ಪೆಹುಳಿ, ತಂಬುಳಿ ಎಲ್ಲ ಅವರಿಗೆ ಸಲೀಸು. ಪಕ್ಕದಲ್ಲಿ ನಿಂತು ನೋಡಿ ನೋಡಿ ನನ್ನ ಗಂಡನೂ ಚಿಕ್ಕಂದಿನಲ್ಲೇ ಅಡುಗೆ ಕಲಿತರಂತೆ. ಅತ್ತೆಗೆ ಜಗಲಿಯ ಮೂಲೆಯಲ್ಲಿ ಚಾಪೆ, ಕೂತಲ್ಲಿಗೇ ಊಟ, ಅದೂ ದೂರದಿಂದ ಬಡಿಸಿದ್ದು.

ನಾನು ಕುಮಟಾದಿಂದ ಹೊನ್ನಾವರದ ಈ ಮನೆಗೆ ಸೊಸೆಯಾಗಿ ಬರುವಾಗ ಮಾವ ಇರಲಿಲ್ಲ, ಪದ್ಧತಿ ಇತ್ತು; ಆ ಮೂರು ದಿನದ ಒಲೆ ಗಂಡನ ಪಾಲಿಗೆ ಬಂದಿತ್ತು. ಮೊದಲ ತಿಂಗಳೇ ನಾನು ದೂರ ಕೂರುವುದಿಲ್ಲ ಎಂದುಬಿಟ್ಟೆ. ದಿನಾ ಭಟ್ಕಳದ ಆಫೀಸಿಗೆ ಬಸ್ಸಿನಲ್ಲಿ ಊರವರ ಮೈಯೆಲ್ಲ ತಾಗಿಸಿಕೊಂಡು ಹೋಗುವವಳು ಮನೆಗೆ ಬಂದು ಮೂಲೆ ಹಿಡಿಯುವುದೆಂದರೇನು? ಜಗಳಕ್ಕೆ ಟೊಂಕ ಕಟ್ಟಿ ನಿಂತಿದ್ದೆ. ಅತ್ತೆ 'ಆತು' ಎಂದು ಎದ್ದುಹೋದರು. ಗಂಡ ನನ್ನ ಪರ ನಿಂತರು, ಸ್ನೇಹಿತರ ಮುಂದೆ ಅದನ್ನು ಹೇಳಿಕೊಳ್ಳುತ್ತಲೂ ಇದ್ದರು. ನನಗೂ ಹೆಮ್ಮೆಯೇ.

ಅಲ್ಲಿಂದ ಗಂಡ ಒಲೆಯ ಹತ್ತಿರ ಸುಳಿಯಲಿಲ್ಲ. ಅವರು ಮಾಸ್ತರು, ಶಾಲೆ ಮನೆಯಿಂದ ಕೂಗಳತೆಯ ದೂರ. ನಾನು ತಿಂಡಿ, ಅಡುಗೆ, ಡಬ್ಬಿ ಎಲ್ಲ ಮುಗಿಸಿ ಬಸ್ಸಿಗೆ ಓಡುವಾಗ ಅವರು ಪೇಪರನ್ನು ಎರಡನೇ ಸಲ ಓದುತ್ತಿರುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು.

ನಲವತ್ತು ದಾಟಿದ ಮೇಲೆ ನನಗೆ ಮುಟ್ಟಿನ ಸ್ರಾವ ವಿಪರೀತವಾಯಿತು. ಒಂದು ಸಲ ಮುಟ್ಟಾದ ಮೊದಲ ಬೆಳಿಗ್ಗೆಯೇ ಕಾಯಿ ತುರಿಯುತ್ತಿದ್ದವಳು ಕಣ್ಣು ಕತ್ತಲೆ ಬಂದು ಅಲ್ಲೇ ಗೋಡೆಗೆ ಒರಗಿದೆ. ಅದೇ ಹೊತ್ತಿಗೆ ಹೊರಗಿನಿಂದ ಗಂಡ ಚಹಾ ಆಯಿತೇ ಎಂದು ಕೇಳಿದರು. ಮೊಣಕಾಲು ನೋವಿನ ಅತ್ತೆ ಕೂತಲ್ಲೇ ಬೀನ್ಸ್ ಹೆಚ್ಚುತ್ತಿದ್ದರು. ಮಗನನ್ನು ಒಳಗೆ ಕರೆದು, ಇವತ್ತಿನಿಂದ ಅಡುಗೆ ನಿನ್ನದು ಎಂದರು.

"ಆ ಪದ್ಧತಿ ಎಲ್ಲ ಬಿಟ್ಟಾತಲ, ಆಯಿ" ಎಂದರು ಇವರು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

"ದೂರ ಕೂರದು ಬಿಟ್ಟಾತು. ಅಡಿಗೆ ಮಾಡದು ಬಿಡು ಹೇಳಿ ನಿಂಗೆ ಯಾರು ಹೇಳಿದ್ದು?"

ನನಗೆ ಸಿಟ್ಟು ಬಂದದ್ದು ಅತ್ತೆಯ ಮೇಲೆ. ಇಷ್ಟು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಏನು ಮಾಡುತ್ತಿದ್ದರು?

ಮೂರು ದಿನ ಇವರೇ ಅಡುಗೆ ಮಾಡಿದರು. ಮೊದಲ ದಿನ ಅನ್ನ ಮುದ್ದೆಯಾಯಿತು. ಅಪ್ಪೆಹುಳಿ ಮಾತ್ರ ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಅಡುಗೆಮನೆಯ ಒಳಗೇ ಕೂತು, ಎರಡೆರಡು ಸಲ ಹಾಕಿಸಿಕೊಂಡು ಉಂಡೆ.

ನಾಲ್ಕನೆಯ ಬೆಳಿಗ್ಗೆ ಹೆಂಗಸು ಮಿಂದು ಮತ್ತೆ ಒಲೆಯ ಮುಂದೆ ಬರುವುದು ಹಿಂದಿನಿಂದ ಬಂದ ಕ್ರಮ. ಇವರಿಗೆ ಅದು ಚೆನ್ನಾಗಿ ನೆನಪಿತ್ತು, ಪೇಪರು ಹಿಡಿದು ಕೂತಿದ್ದರು. ನಾನು ಮಿಂದೆ, ಸೀರೆ ಉಟ್ಟೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಅವರ ಎದುರಿನ ಕುರ್ಚಿಯಲ್ಲಿ ಕೂತೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಇವರು ನನ್ನನ್ನು ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು, ಕೊನೆಗೆ ತಾಯಿಯ ಮುಖ ನೋಡಿದರು.

"ನಂಗೂ ಅರ್ಧ ಲೋಟ ಚಾ" ಎಂದರು ಅತ್ತೆ.

ಇವರು ಎದ್ದು ಒಳಗೆ ಹೋದರು.