ಐಸ್ ಡಬ್ಬಿಯಲ್ಲಿ ಹತ್ತಿ ಎಲೆ

ಹತ್ತಿ ಗಿಡಕ್ಕೆ ನೀರು ಕಡಿಮೆಯಾದಾಗ ಎಲೆಯೊಳಗೆ ಫಾಸ್ಫೋಲೈಪೇಸ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಜೀವಕೋಶದ ಪೊರೆಯ ಕೊಬ್ಬನ್ನು ಸೀಳಿ ಒಂದು ಆಮ್ಲವನ್ನು ಬಿಡಿಸುತ್ತದೆ. ಆ ಆಮ್ಲವೇ ನೀರಿಲ್ಲವೆಂಬ ಸುದ್ದಿ. ಅದು ಮುಟ್ಟಿದ ಕೂಡಲೇ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು ಇದ್ದಬದ್ದ ನೀರನ್ನು ಉಳಿಸಿಕೊಳ್ಳುತ್ತದೆ. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ ವರ್ಷ ವರ್ಷ ಇದನ್ನೇ ಹೇಳಿ ನನ್ನ ಗಂಟಲು ಒಣಗಿದೆ. ಕೇಳುವವರಿಗೂ ಸಾಕಾಗಿದೆ.

ನನ್ನ ಕೈಕೆಳಗೆ ಪಿಎಚ್.ಡಿ ಮಾಡುತ್ತಿದ್ದ ಹುಡುಗಿಗೆ ಮಾತ್ರ ಸಾಕಾಗಿರಲಿಲ್ಲ. ಹುಬ್ಬಳ್ಳಿಯಾಚೆಯ ಸುಳ್ಳ ಎಂಬ ಹಳ್ಳಿಯ ಹೊಲದಲ್ಲಿ ಎಲೆ ಕತ್ತರಿಸಿ, ಐಸ್ ಡಬ್ಬಿಯಲ್ಲಿಟ್ಟುಕೊಂಡು, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಏನೇ ತಂದರೂ ಐಸಿನಲ್ಲಿಡುವುದು ನಮ್ಮ ವಿಭಾಗದ ವಾಡಿಕೆ. ಯಾಕೆಂದು ಯಾರೂ ಕೇಳಿದ್ದಿಲ್ಲ, ನಾನೂ ಕೇಳಿರಲಿಲ್ಲ. ಅವಳ ಮದುವೆ ಗೊತ್ತಾಗಿತ್ತು. ಈ ವರ್ಷ ಪ್ರಬಂಧ ಕೊಡದಿದ್ದರೆ ಓದು ಅಲ್ಲಿಗೇ ಬಂದ್ ಎಂದು ಮನೆಯವರು ಖಡಾಖಂಡಿತ ಹೇಳಿದ್ದರು.

ಪ್ರಬಂಧ ಕೊಡಲು ಒಂದೇ ತಿಂಗಳು ಉಳಿದಿರುವಾಗ, ಯುಗಾದಿಯ ಹೊತ್ತಿಗೆ, ಅದರ ಕರಡು ನೋಡುತ್ತ ಕೂತಾಗ ನನಗೆ ಕಸಿವಿಸಿಯಾಯಿತು. ಬಾಡಿದ ಗಿಡದಲ್ಲಿ ಎಷ್ಟು ಆಮ್ಲವಿತ್ತೋ, ನೀರುಂಡ ಗಿಡದಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಎಲೆ ತಂದ ರೀತಿಯಲ್ಲೇ ತಪ್ಪಿರಬಹುದೇ ಎಂದು ಎದ್ದು ಹೋಗಿ, ಕಿಟಕಿಯ ಕುಂಡದಲ್ಲಿ ನೀರುಂಡು ನಿಂತಿದ್ದ ಹತ್ತಿ ಗಿಡದಿಂದ ಎರಡು ಎಲೆ ಕತ್ತರಿಸಿದೆ. ಒಂದನ್ನು ಕೂಡಲೇ ಸುಡುವ ಆಲ್ಕೋಹಾಲಿನಲ್ಲಿ ಅದ್ದಿ ಕಿಣ್ವವನ್ನು ಸಾಯಿಸಿದೆ. ಇನ್ನೊಂದನ್ನು ವಾಡಿಕೆಯಂತೆ ಐಸಿಗೆ ಹಾಕಿಟ್ಟೆ. ಮರುದಿನ ನೋಡಿದರೆ ಮೊದಲನೆಯದರಲ್ಲಿ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ, ಐಸಿನದರಲ್ಲಿ ಧಾರಾಳ. ಗಾಯವಾದರೂ ಆ ಕಿಣ್ವ ಏಳುತ್ತದೆ, ಎದ್ದ ಮೇಲೆ ತಣ್ಣಗಿಟ್ಟರೂ ಸುಮ್ಮನಾಗುವುದಿಲ್ಲ. ಇಷ್ಟು ದಿನ ನಾವು ಅಳೆದದ್ದೆಲ್ಲ ನಮ್ಮದೇ ಕತ್ತರಿಯ ಗಾಯ.

ಅವಳನ್ನು ಕರೆದು ಹೇಳಿದೆ. ಅಳುತ್ತಾಳೆಂದು ನೀರಿನ ಬಾಟಲಿಯನ್ನು ಹತ್ತಿರ ಸರಿಸಿಟ್ಟಿದ್ದೆ. ಅವಳು ಅಳಲಿಲ್ಲ.

"ದೀಪಾವಳಿ ಹೊತ್ತಿಗೇ ನನಗ ಸಂಶಯ ಬಂದಿತ್ರಿ ಮೇಡಂ."

"ಮತ್ತ ಯಾಕ ಹೇಳಲಿಲ್ಲವ್ವಾ?"

"ಹೇಳಾಕಂತ ನಿಮ್ಮ ಖೋಲಿಗೆ ಬಂದಿದ್ನಿರಿ. ನೀವು ಕಣ್ಣ ಮುಚ್ಚಿ ಕುಂತಿದ್ರಿ. ಭಾಳ ದಣದಾರ, ನಾಳೆ ಹೇಳಿದ್ರಾತು ಅಂತ ಹೊಳ್ಳಿ ಹೋದ್ನಿ. ಆಮ್ಯಾಲ ಯಾವಾಗ ಬಂದ್ರೂ ನೀವು ಹಂಗ ಇರ್ತಿದ್ರಿ."

ಮೊದಲು ಅವಳ ಮೇಲೆ ಸಿಟ್ಟು ಬಂತು. ಬೈಯಲು ಬಾಯಿ ತೆರೆದವಳು, ಅವಳಿಗೆಂದು ಇಟ್ಟಿದ್ದ ನೀರನ್ನು ನಾನೇ ಎತ್ತಿ ಕುಡಿದೆ. ನನ್ನ ದಣಿವು ನನ್ನೊಬ್ಬಳದೇ ಅಂದುಕೊಂಡಿದ್ದೆ. ಅವಳಿಗಿದ್ದ ಒಂದೇ ಒಂದು ವರ್ಷವನ್ನು ಅದು ತಿಂದುಹಾಕಿತ್ತು.