ಅಂಗೈಯಲ್ಲಿ ಆರಿಸಿದ ಕರ್ಪೂರ

ಗೆಳೆಯರೇ, ಚನ್ನರಾಯಪಟ್ಟಣದಲ್ಲಿ ಹೊಸದಾಗಿ ಶುರುವಾಗುವ ಸೋಡಾ ಫ್ಯಾಕ್ಟರಿ, ಅಕ್ಕಿ ಗಿರಣಿ, ಬಸ್ ಕಂಪನಿ ಮೂರಕ್ಕೂ ಬಂಡವಾಳ ಕೂಡಿಸಲು ಇವತ್ತು ನುಗ್ಗೇಹಳ್ಳಿ ಪಟೇಲರ ಮನೆಗೆ ಹೋಗಿದ್ದೆ. "ಎರಡು ಮುಳುಗಿದರೂ ಒಂದು ಗೆದ್ದರೆ ಎಲ್ಲರಿಗೂ ಲಾಭ" ಎಂದು ಅಲ್ಲಿ ಸೇರಿದ್ದ ಊರವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಪಟೇಲರು ಎಲೆಯಡಿಕೆ ಉಗಿದು ಬಂದರು. "ಮುಳುಗೋ ಎರಡು ಯಾವ್ವು, ಈಗ್ಲೇ ಯೋಳ್ಬುಡಿ ಸಾ. ಅವಕ್ಕೆ ದುಡ್ಡು ಆಕದೇ ಬ್ಯಾಡ."

"ಅದು ಮುಂಚೆ ಗೊತ್ತಾಗಲ್ಲ ಪಟೇಲರೇ."

"ಗೊತ್ತಿಲ್ದೇನೆ ದುಡ್ಡು ಕೇಳಕ್ಕೆ ಬಂದ್ರಾ?"

ಕೂತಿದ್ದವರಲ್ಲಿ ನಾಲ್ವರು ಎದ್ದು ಬಾಗಿಲಿಗೆ ಅಡ್ಡ ನಿಂತರು. ಪಟೇಲರು ದೇವರ ಮುಂದೆ ಕರ್ಪೂರ ಹಚ್ಚಿದರು. "ಮೂರೂ ಗೆಲ್ತವೆ ಅಂತ ಆಣೆ ಮಾಡಿ ಅಂಗೈಲಿ ಆರ್ಸಿ, ದುಡ್ಡು ತಕಂಡೋಗಿ."

ಆರಿಸಿದೆ. ದುಡ್ಡಿನೊಂದಿಗೆ ಸುಳ್ಳಾಣೆಯನ್ನೂ ಹೊತ್ತು ಬಂದೆ. ಅಂಗೈ ಉರಿ ಇಳಿದಿದೆ, ಎದೆಯದು ಇಳಿದಿಲ್ಲ. ಇನ್ನು ಸೋಡಾ ಮಾರುವುದು ದೇವರ ಕೆಲಸ.