ಡಾಂಬರಿನ ಕಲೆಗೆ ಅರ್ಧ ಬಾಟಲಿ ಪೆಟ್ರೋಲ್

ಆಯುಧಪೂಜೆಯ ದಿನ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಭಾವ ಬೂದುಗುಂಬಳಕಾಯಿಯನ್ನು ತಲೆಯ ಮೇಲಕ್ಕೆತ್ತಿದರು. ಅದರ ನೆತ್ತಿಯ ಮೇಲೆ ಕರ್ಪೂರ ಉರಿಯುತ್ತಿತ್ತು. ಅಕ್ಕ ಕಾರಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದಳು. ಮುಂದಿನ ಚಕ್ರದಿಂದ ಒಂದು ಮೊಳ ದೂರದಲ್ಲಿ, ಮುಚ್ಚಳವಿಲ್ಲದ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇತ್ತು. ಅದನ್ನು ಅಲ್ಲಿಟ್ಟವನು ನಾನು.



ಅಕ್ಕ ನರ್ಸ್. ಹೊಸನಗರದ ಮನೆಯಿಂದ ದಿನಾ ನಗರ ಎಂಬ ಊರಿನ ಆಸ್ಪತ್ರೆಗೆ ಡ್ಯೂಟಿಗೆ ಹೋಗಬೇಕು. ಬಸ್ಸು ಕಾದು ಸಾಕಾಗಿ ತೀರ್ಥಹಳ್ಳಿಯಲ್ಲಿ ಹದಿನಾಲ್ಕು ವರ್ಷ ಹಳೆಯ ಬಿಳಿ ಕಾರೊಂದನ್ನು ಕೊಂಡಿದ್ದಳು. ಎಂಜಿನ್ ಗಟ್ಟಿ. ಮೈ ಮಾತ್ರ ನೋಡುವ ಹಾಗಿರಲಿಲ್ಲ. ಹಿಂದಿನ ಮಾಲೀಕರು ಅದನ್ನು ಹಲಸಿನ ಮರದ ಕೆಳಗೆ ನಿಲ್ಲಿಸುತ್ತಿದ್ದರಂತೆ, ಬಾನೆಟ್ ತುಂಬ ಅಂಟು. ಬಾಗಿಲುಗಳ ಕೆಳಭಾಗದಲ್ಲಿ ಹೊಸ ರಸ್ತೆಯ ಡಾಂಬರು ಸಾಸಿವೆ ಸಿಡಿದ ಹಾಗೆ ಹತ್ತಿಕೊಂಡಿತ್ತು.

ಪೂಜೆಯ ಹೊತ್ತಿಗೆ ಕಾರು ಹೊಳೆಯಬೇಕು ಎಂದು ಬೆಳಿಗ್ಗೆ ಆರಕ್ಕೇ ಶುರು ಮಾಡಿದೆವು. ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಿಟ್ಟರೆ ಅದು ಉಂಡೆಯಾಗಿ ಬಂತು. ಡಾಂಬರು ಸೋಪಿಗೂ ಬಗ್ಗಲಿಲ್ಲ, ಎಣ್ಣೆಗೂ ಬಗ್ಗಲಿಲ್ಲ. ಭಾವ ಉಗುರಿನಲ್ಲಿ ಕೆರೆಯತೊಡಗಿದಾಗ ಅಕ್ಕ ಕೈಗೆ ಹೊಡೆದಳು. "ಡಾಂಬರಿನ ಜೊತೆ ಪೇಂಟೂ ಎದ್ದು ಬರ್ತದೆ. ನಿಮ್ಮ ಬೈಕಲ್ಲ ಇದು."

"ಪೆಟ್ರೋಲ್ ಹಾಕಿದ್ರೆ ಕರಗ್ತದೆ" ಎಂದೆ ನಾನು.

"ನೋಡು, ಬಿಎಸ್ಸಿ ಮಾತಾಡ್ತು" ಎಂದರು ಭಾವ. ಬೈಕಿನಿಂದ ಅರ್ಧ ಬಾಟಲಿ ತೆಗೆದು ಕೊಟ್ಟವರು ಅವರೇ.

ನಿಜಕ್ಕೂ ಕರಗಿತು. ಬಟ್ಟೆ ಒದ್ದೆ ಮಾಡಿ ಒತ್ತಿ ಹಿಡಿದು, ಹತ್ತರವರೆಗೆ ಎಣಿಸಿ ಒರೆಸಿದರೆ ಒಂದೊಂದೇ ಚುಕ್ಕೆ ಮಾಯ. ಎಂಥ ಖುಷಿ ಅದು. ಬಾಗಿಲು ಮುಗಿಸಿ ಬಂಪರಿಗೆ ಬಂದೆ. "ಮುಹೂರ್ತ ಮೀರ್ತದೆ, ಕೈ ತೊಳ್ಕೊಂಡು ಬಾ" ಎಂದು ಅಕ್ಕ ಕೂಗಿದಳು. ಬಾಟಲಿಯನ್ನೂ ಬಟ್ಟೆಯನ್ನೂ ಅಲ್ಲೇ ನೆಲದ ಮೇಲೆ ಬಿಟ್ಟು ಒಳಗೆ ಓಡಿದೆ.

ವಾಪಸ್ ಬಂದಾಗ ಕುಂಕುಮ, ಹೂವು ಎಲ್ಲ ಆಗಿತ್ತು. ಚಕ್ರದಡಿಯ ನಿಂಬೆಹಣ್ಣಿನ ಮೇಲೆ ತಾನೇ ಕಾರು ಹತ್ತಿಸುತ್ತೇನೆಂದು ಅಕ್ಕ ಎಂಜಿನ್ ಚಾಲೂ ಮಾಡಿ ಕೂತಿದ್ದಳು. ಭಾವನ ಕೈಯಲ್ಲಿ ಕುಂಬಳಕಾಯಿ. ನಾನು ಮೊದಲು ಕರ್ಪೂರ ನೋಡಿದೆ, ಆಮೇಲೆ ಬಾಟಲಿ. ಏನಾಗುತ್ತದೆಂದು ಪೂರ್ತಿ ಗೊತ್ತಿತ್ತು. ಬಾಯಿಂದ ಒಂದಕ್ಷರ ಬರಲಿಲ್ಲ.

ಕಾಯಿ ಒಡೆಯಿತು. ಉರಿಯುವ ಕರ್ಪೂರ ಚಿಮ್ಮಿ ಬಾಟಲಿಯ ಪಕ್ಕದ ಪೆಟ್ರೋಲ್ ಬಟ್ಟೆಯ ಮೇಲೆ ಬಿತ್ತು. ಭುಗ್ ಎಂಬ ಸದ್ದು ಮಾತ್ರ ಕೇಳಿತು. ಬಾಟಲಿ ಮುದುಡಿ ವಾಲಿತು, ಬೆಂಕಿ ನೆಲದ ಮೇಲೆ ನೀರಿನಂತೆ ಹರಿದು ಬಂಪರನ್ನು ನೆಕ್ಕಿತು. ಭಾವ ಕಾರಿನ ಬಾಗಿಲಿಗೆ ಹಾರಿದರು. ಅದು ತೆರೆಯಲಿಲ್ಲ. ಅಕ್ಕ ಗಾಬರಿಯಲ್ಲಿ ಮೊಣಕೈ ತಾಗಿಸಿ ಒಳಗಿನಿಂದ ಲಾಕ್ ಮಾಡಿಬಿಟ್ಟಿದ್ದಳು. ಗಾಜಿನಾಚೆ ಅವಳ ಮುಖ, ಈಚೆ ಹೊಗೆ.

ಅವಳಿಗೆ ರಿವರ್ಸ್ ಬರುತ್ತಿರಲಿಲ್ಲ. "ಮೇಡಂ, ನೀವು ಹಿಂದೆ ಬರೋದೇ ಬೇಡ, ಊರು ಸುತ್ತಿ ಮನೆಗೆ ಬನ್ನಿ" ಎಂದು ಸಾಗರದಲ್ಲಿ ಡ್ರೈವಿಂಗ್ ಕಲಿಸಿದವರು ಗೇಲಿ ಮಾಡಿದ್ದರು. ಆ ಗಳಿಗೆಯಲ್ಲಿ ಗೇರು ಕರ್ರೆಂದಿತು, ಕಾರು ಕುಪ್ಪಳಿಸಿ ಹಿಂದಕ್ಕೆ ಹಾರಿ ಕಾಂಪೌಂಡಿಗೆ ಗುದ್ದಿ ನಿಂತಿತು. ಬೆಂಕಿ ಅಲ್ಲೇ ಉಳಿಯಿತು.

ಭಾವ ನೀರಿನ ಬಕೆಟ್ ಎತ್ತಿದಾಗ ನನಗೆ ಬಾಯಿ ಬಂತು. "ನೀರು ಬೇಡ, ಮರಳು." ಪಕ್ಕದ ಮನೆಯಮ್ಮ ಅಷ್ಟರಲ್ಲಾಗಲೇ ತಮ್ಮ ಮನೆ ಕೆಲಸಕ್ಕೆ ತರಿಸಿದ್ದ ಮರಳನ್ನು ಬುಟ್ಟಿಯಲ್ಲಿ ತಂದು ಸುರಿಯುತ್ತಿದ್ದರು. ನಾಲ್ಕು ಬುಟ್ಟಿಗೆ ಬೆಂಕಿ ನಂದಿತು. ಸೆರಗಲ್ಲಿ ಮುಖ ಒರೆಸಿಕೊಂಡು ಅವರು ಹೇಳಿದ್ದು ಇಷ್ಟೇ: "ಹೋಮವೂ ಉಂಟು ಅಂತ ಮೊದಲೇ ಹೇಳಿದ್ರೆ ಸಮಿತ್ತು ತರ್ತಿದ್ದೆ ಮಾರಾಯ್ರೆ."

ನಾವು ನಕ್ಕೆವು. ಅಕ್ಕ ಇಳಿದು ಮೆಟ್ಟಿಲ ಮೇಲೆ ಕೂತಳು. ಅವಳ ಕಾಲು ಮಾತ್ರ ಇಲ್ಲದ ಕ್ಲಚ್ಚನ್ನು ಒತ್ತುತ್ತಲೇ ಇತ್ತು.

ಆಮೇಲಿನ ರಾತ್ರಿಗಳಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. ಭಾವ ಎದ್ದೆದ್ದು ಗ್ಯಾಸ್ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿದರೆ ಕುಂಬಳಕಾಯಿ ಮೇಲೇರುತ್ತಿತ್ತು. ಅಕ್ಕ ಮತ್ತೆ ಬಸ್ಸಿಗೆ ನಿಲ್ಲತೊಡಗಿದಳು. ಮಸಿ ಹಿಡಿದ ಕಾರು ಟಾರ್ಪಾಲಿನಡಿ ಇತ್ತು.

ಎರಡು ವಾರದ ಮೇಲೊಂದು ಭಾನುವಾರ ಅವಳೇ ಟಾರ್ಪಾಲು ಎಳೆದಳು. ಶಾಂಪೂ ನೀರು, ಮೆತ್ತನೆ ಬಟ್ಟೆ, ಬಣ್ಣಕ್ಕೆ ಹೊಳಪು ಕೊಡಲು ಅಂಗಡಿಯಿಂದ ತಂದ ರಬ್ಬಿಂಗ್ ಕಾಂಪೌಂಡ್ ಪೇಸ್ಟು. ಮೂವರೂ ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಉಜ್ಜಿದೆವು. ಮಸಿ ಹೋಯಿತು. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದ ಜಾಗ ಹಾಗೇ ಉಳಿಯಿತು.

"ಬಾಟ್ಲಿ ಬಿಟ್ಟು ಹೋದವನು ನಾನು ಅಕ್ಕ" ಎಂದೆ, ಉಜ್ಜುತ್ತಲೇ.

"ನಾನೂ ನೋಡಿದ್ದೆ ಕಣೋ. ನೀರು ಅಂತ ಮಾಡಿದ್ದೆ."

ಭಾವ ತಲೆ ಎತ್ತಲಿಲ್ಲ. "ನಂಗೆ ವಾಸನೆ ಬಂದಿತ್ತು. ಬೈಕಿಂದು ಅಂದ್ಕೊಂಡೆ."

ಅಕ್ಕ ಕೈ ಒರೆಸಿಕೊಂಡು ಬೀಗದ ಕೈ ಕೇಳಿದಳು. ನಾನು ಪಕ್ಕದಲ್ಲಿ, ಭಾವ ಹಿಂದೆ. ತೀರ್ಥಹಳ್ಳಿವರೆಗೆ ಅವಳೇ ಓಡಿಸಿದಳು, ವಾಪಸ್ಸೂ ಅವಳೇ. ತಿರುವುಗಳಲ್ಲಿ ಭಾವ ಸೀಟು ಹಿಡಿದುಕೊಂಡಾಗಲೆಲ್ಲ ಕನ್ನಡಿಯಲ್ಲಿ ನೋಡಿ ಬೈದಳು. ಅವತ್ತು ಮೂವರೂ ಊಟವಾದ ಕೂಡಲೇ ಮಲಗಿ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಎದ್ದೆವು.